ವೇಗವರ್ಧಕಕ್ಕೆ ಹಚ್ಚಿದ ವಿಭೂತಿ

ಕಳೆದ ಸೋಮವಾರ ಗೊರೇಬಾಳದ ರೈಸ್ ಮಿಲ್ಲೊಂದರ ಬಾಯ್ಲರ್ ಈ ಹಂಗಾಮಿಗೆ ಮತ್ತೆ ಶುರುವಾಯಿತು. ಸುದ್ದಿಗೆಂದು ಹೋದವನು ಗೇಟಿನ ಬಳಿಯೇ ನಿಂತೆ. ಸುಡುವ ಭತ್ತದ ಹೊಟ್ಟಿನ ವಾಸನೆ, ಗಂಟಲಿಗೆ ಅಂಟುವಂಥದು... ಅದರ ಹಿಂದೆಯೇ ಕೆಮಿಸ್ಟ್ರಿ ಸರ್ ನೆನಪಾದರು.

ಸಿಂಧನೂರಿನ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು. ಮನೆ ಮಸ್ಕಿಯಲ್ಲಿ, ದಿನಾ ಬಸ್ಸಿಗೆ ಬರುತ್ತಿದ್ದರು. ಹೊಗೆಯಲ್ಲಿರುವ ಸಾರಜನಕದ ಆಕ್ಸೈಡ್‌ಗಳು ಉಸಿರಿಗೆ ಕೆಟ್ಟವು. ಅಮೋನಿಯಾ ಸೇರಿಸಿ ಅವುಗಳ ಕಾಟ ಕಳೆಯುವ ವೇಗವರ್ಧಕಗಳು, ಅಂದರೆ ಕೆಟಲಿಸ್ಟ್‌ಗಳು, ದೊಡ್ಡ ಕಾರ್ಖಾನೆಗಳಲ್ಲಿವೆ. ಆದರೆ ಹೊಟ್ಟಿನ ಹೊಗೆಯಲ್ಲಿ ಅವು ಬಾಳುವುದಿಲ್ಲ. ಬೂದಿಯ ಪೊಟ್ಯಾಸಿಯಂ ಅವಕ್ಕೆ ವಿಷ. ಆ ವಿಷ ತಡೆಯುವಂಥದನ್ನು ಮಾಡಲು ಸರ್ ಹೊರಟಿದ್ದರು.

"ಲಿಂಗಸುಗೂರು ಬಸ್ಸಿನ್ಯಾಗ ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡೀತಾರ ನೋಡು, ಪೊಟ್ಯಾಸಿಯಂದೂ ಅದ ಬುದ್ಧಿ. ಅಮೋನಿಯಾ ಬರೋದ್ರಾಗ ತಾನ ಕುಂತಿರ್ತೈತಿ. ನಾ ಅದಕ್ಕ ಬ್ಯಾರೆ ಸೀಟ್ ಹಾಕೀನಿ, ಬಾರಪಾ, ಇಲ್ಲಿ ಕುಂದ್ರು ಅಂತ," ಎಂದು ನಕ್ಕಿದ್ದರು.

ಆ ಬೇರೆ ಸೀಟು ಒಂದು ಲೇಪ. ಜೇನುಗೂಡಿನಂತೆ ತೂತುಗಳಿದ್ದ ವೇಗವರ್ಧಕದ ಎರಡು ತುಂಡುಗಳಲ್ಲಿ ಒಂದಕ್ಕೆ ಮಾತ್ರ ಅದನ್ನು ಹಚ್ಚಿ, ಎರಡನ್ನೂ ಜಾಲರಿ ಡಬ್ಬಿಯಲ್ಲಿಟ್ಟು ಮಿಲ್ಲಿನ ಹೊಗೆದಾರಿಗೆ ಇಳಿಸಿದ್ದರು. ಒಂದು ಹಂಗಾಮಿನ ಹೊಗೆ ಕುಡಿದ ಮೇಲೆ ಯಾವುದು ಎಷ್ಟು ಉಳಿದಿದೆ ಎಂದು ಪರೀಕ್ಷೆಗೆ ಕಳಿಸಬೇಕಿತ್ತು. ಅದು ಅವರ ನಿವೃತ್ತಿಗೆ ಮುಂಚಿನ ಕೊನೆಯ ಹಂಗಾಮು. ಇನ್ನೊಂದು ತುಂಡು ಮಾಡುವಷ್ಟು ಸಾಮಾನು ಉಳಿದಿರಲಿಲ್ಲ.

ಬಾಯ್ಲರ್ ನೋಡಿಕೊಳ್ಳುವ ಕಾಕಾನಿಗೆ ಲೇಪದ ತುಂಡು ತೋರಿಸಿ, "ನನ್ನ ಜೀವಾನ ಇದರಾಗ ಐತಿ, ಕಾಕಾ," ಎಂದಿದ್ದರು.

ಹಂಗಾಮು ಮುಗಿಯುವ ಹೊತ್ತಿಗೆ ಅಮಾವಾಸ್ಯೆ ಬಂತು. ಮಿಲ್ ನಿಲ್ಲಿಸಿ ಯಂತ್ರಗಳಿಗೆಲ್ಲ ಪೂಜೆ ಮಾಡುವ ದಿನ. ಆರಿದ ಹೊಗೆದಾರಿಯಿಂದ ಕಾಕಾ ಡಬ್ಬಿ ತೆಗೆದ. ಲೇಪದ ತುಂಡಿಗೆ ಹಿಂದೆ ಮುಂದೆ ಮೂರು ಬೆರಳಿನ ವಿಭೂತಿ ದಪ್ಪಗೆ ಎಳೆದ. ಇನ್ನೊಂದನ್ನು ಮುಟ್ಟಲಿಲ್ಲ. ಪೂಜೆಯ ಸುದ್ದಿಗೆ ಹೋಗಿದ್ದ ನಾನು ಅಲ್ಲೇ ಇದ್ದೆ. ಫೋಟೊ ಕೂಡ ತೆಗೆದೆ.

ಮರುದಿನ ಬಂದ ಸರ್ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಲ್ಲಾ ಮಷೀನಿಗೂ ಹಚ್ಚಿ ನಿಮ್ದಕ್ಕ ಬಿಟ್ರ ಹ್ಯಾಂಗ್ರೀ, ಸರ? ಜೀವದ್ದಕ್ಕ ಒಂದೀಟು ಜಾಸ್ತೀನ ಹಚ್ಚೀನಿ," ಎಂದ ಕಾಕಾ.

"ಚಲೋ ಮಾಡಿದಿ," ಎಂದರು ಸರ್.

ಹೊರಗೆ ಬಂದ ಮೇಲೆ ನನಗಷ್ಟೇ ಕೇಳುವಂತೆ ಹೇಳಿದರು: "ವಿಭೂತೀನೂ ಬೂದೀನ ಅಲ್ಲೇನೋ. ಅದರಾಗೂ ಪೊಟ್ಯಾಸಿಯಂ ಐತಿ. ಹೊಟ್ಟಿಂದ್ಯಾವುದು, ಇದರದ್ಯಾವುದು, ಹ್ಯಾಂಗ ಹೇಳ್ಲಿ?"

ತೊಳೆಯಬಾರದೇ ಎಂದೆ. ತೊಳೆದರೆ ಹೊಟ್ಟಿನದೂ ಹೋಗುತ್ತದೆ, ಇಡೀ ಹಂಗಾಮು ಹೋಗುತ್ತದೆ ಎಂದರು. ಬಸ್ ಬರುವವರೆಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಆ ಬೇಸಿಗೆಯಲ್ಲಿ ನಿವೃತ್ತರಾದರು. ಎರಡು ವರ್ಷಕ್ಕೆ ಮಸ್ಕಿಯಲ್ಲಿ ತೀರಿಕೊಂಡರು. ತಪ್ಪಾಗಿತ್ತೆಂದು ಕಾಕಾನಿಗೆ ಅವರು ಹೇಳಲಿಲ್ಲ. ನಾನೂ ಹೇಳಿಲ್ಲ.

ಸೋಮವಾರ ಕಾಕಾ ಕೇಳಿದ: "ಸರ್ರ ಮಷೀನ್ ಪಾಸಾತೇನ್ರಿ?"

"ಇನ್ನೂ ಪರೀಕ್ಷೆ ಆಗಿಲ್ಲ," ಎಂದೆ. ಅದು ನಿಜ.

ಡಬ್ಬಿ ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿದೆ. ಸರ್ ನಿವೃತ್ತರಾದಾಗ ತೆರವಾದ ಕೆಮಿಸ್ಟ್ರಿ ಹುದ್ದೆ ಈವರೆಗೆ ಭರ್ತಿಯಾಗಿಲ್ಲ.