ಬಿಡಿಸದೇ ಉಳಿದ ಆಣೆ

ಬೀಡಿ ಬ್ರಾಂಚಿನ ಮಾಮನ ಬಲಗೈ ಹೆಬ್ಬೆರಳು ತಂಬಾಕಿನ ಬಣ್ಣಕ್ಕೆ ತಿರುಗಿತ್ತು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಬೀಡಿ ಕಟ್ಟಿನ ಮೇಲೆ ಆ ಬೆರಳನ್ನು ಒಮ್ಮೆ ಆಡಿಸಿದರೆ ಸಡಿಲವಾಗಿ ಸುತ್ತಿದ ಬೀಡಿ ಸಿಕ್ಕಿಬೀಳುತ್ತಿತ್ತು. ಅದನ್ನು ಬದಿಗಿಟ್ಟು, "ಅಕ್ಕ, ನಿನ್ನೆ ಧಾರಾವಾಹಿ ನೋಡ್ತಾ ಸುತ್ತಿದ್ದಾ?" ಎಂದು ಅಮ್ಮನನ್ನು ಕೇಳುತ್ತಿದ್ದರು. ಅವರ ಬೈಗುಳ ಅಷ್ಟೇ.

ಬ್ರಾಂಚ್ ಎಂದರೆ ಮಡಂತ್ಯಾರಿನ ಅವರ ಕೋಣೆ; ಅಲ್ಲಿಂದ ಎಲೆ, ತಂಬಾಕು ತಂದು, ಮನೆಯಲ್ಲಿ ಬೀಡಿ ಸುತ್ತಿ ಒಪ್ಪಿಸುವ ಹೆಂಗಸರಲ್ಲಿ ಅಮ್ಮನೂ ಒಬ್ಬಳು. ಮಾಮ ಬೀಡಿ ಕಳಿಸುತ್ತಿದ್ದ ಹಳೆಯ ಕಂಪೆನಿ ಮುಚ್ಚಿದಾಗ ಹೊರರಾಜ್ಯದ ಕಂಪೆನಿಯೊಂದು ಬಂತು. ಅದಕ್ಕೆ ಇಲ್ಲಿ ಲೈಸೆನ್ಸ್ ಇರಲಿಲ್ಲ. "ಆಮೇಲೆ ಬರ್ತದಂತೆ. ಅಷ್ಟರವರೆಗೆ ಇವರೆಲ್ಲ ಕೈಕಟ್ಟಿ ಕೂರುವುದಾ?" ಎಂದು ಮಾಮ ಅದರ ಕರಾರಿಗೆ ಸಹಿ ಹಾಕಿದರು. ಮುಖ ನೋಡಿ ನಂಬುವುದು ನಮ್ಮೂರಿನ ಹಳೆಯ ರೋಗ.

ಲೈಸೆನ್ಸ್ ಇಲ್ಲವೆಂದು ಅಧಿಕಾರಿಗಳು ಬಂದು ಬ್ರಾಂಚಿನ ಬಾಗಿಲಿಗೆ ಸೀಲು ಹಾಕಿದರು. ಕಂಪೆನಿಯವರು ಫೋನ್ ಎತ್ತಲಿಲ್ಲ. ಅವರು ಹೆಂಗಸರ ಪಿ.ಎಫ್. ಕಟ್ಟಿಯೇ ಇಲ್ಲವೆಂದು ತಿಳಿದ ದಿನ ಅಮ್ಮ ಮಾಮನೆದುರು ನಿಂತು, "ಇನ್ನು ನಿಮ್ಮತ್ರ ಮಾತಾಡುವುದಿಲ್ಲ, ಧರ್ಮಸ್ಥಳದ ಆಣೆ" ಎಂದಳು. ನಮ್ಮಲ್ಲಿ ಆ ಆಣೆ ಹಾಕಿದರೆ, ಇಬ್ಬರೂ ಅಲ್ಲಿಗೆ ಹೋಗಿ ಬಿಡಿಸಿಕೊಳ್ಳುವ ತನಕ ಮಾತಿಲ್ಲ.

ಬೆಳ್ತಂಗಡಿಯ ಕೋರ್ಟಿನಲ್ಲಿ ಕೇಸು ಮಾಮನ ಮೇಲೂ ಬಿತ್ತು. ಮಡಂತ್ಯಾರಿನಲ್ಲಿ ಬ್ರಾಂಚೇ ಇರಲಿಲ್ಲ, ಈ ಹೆಂಗಸರು ಯಾರೋ ಗೊತ್ತಿಲ್ಲ ಎನ್ನಿ ಎಂದು ಅವರ ವಕೀಲರು ಹೇಳಿಕೊಟ್ಟರು. ಹಾಗೆಂದರೆ ಅವರು ಪಾರಾಗುತ್ತಿದ್ದರು. ಆದರೆ ಅಮ್ಮನಂಥವರು ಕೆಲಸಗಾರರೇ ಅಲ್ಲವೆಂದಾಗಿ, ಪಿ.ಎಫ್. ಕೈತಪ್ಪುತ್ತಿತ್ತು. ಮಾಮ ಕಟಕಟೆಯಲ್ಲಿ ಹೆಬ್ಬೆರಳು ಉಜ್ಜುತ್ತಾ ಹೇಳಿದರು: "ಬ್ರಾಂಚ್ ನಡೆಸಿದ್ದು ನಾನೇ. ಇವರೆಲ್ಲ ನನಗೆ ಬೀಡಿ ಕಟ್ಟಿ ಕೊಟ್ಟವರು."

ಅವರಿಗೆ ಜೈಲಾಯಿತು. ಕಂಪೆನಿಯ ಸರಕು ಜಪ್ತಿಯಾಗಿ, ಹೆಂಗಸರ ಪಿ.ಎಫ್. ವಸೂಲಾಯಿತು. ಅಮ್ಮನಿಗೆ ಇಂದು ಬರುವ ಪಿಂಚಣಿ ಆ ಒಂದು ಮಾತಿನದ್ದು.

ಹೊರಬಂದ ಮಾಮ ಸೊರಗಿ ಹೋಗಿದ್ದರು, ಕೆಮ್ಮು ನಿಲ್ಲುತ್ತಿರಲಿಲ್ಲ. ನೋಡಲು ಹೋದಾಗ ನನ್ನ ಹತ್ತಿರ, "ಸೋಮವಾರ ಧರ್ಮಸ್ಥಳಕ್ಕೆ ಹೋಗುವ ಅಂತ ಅಮ್ಮನಿಗೆ ಹೇಳು ಮಗಾ. ಆಣೆ ಬಿಡಿಸಿ ಬರುವ" ಎಂದರು. ಅಮ್ಮ ಅಂದೇ ಒಳ್ಳೆಯ ಸೀರೆ ತೆಗೆದಿಟ್ಟಳು. ಶನಿವಾರ ಮಾಮ ತೀರಿಕೊಂಡರು.

ಅಂಗಳದಲ್ಲಿ ಮಲಗಿಸಿದ್ದ ಅವರ ಕಾಲ ಬಳಿ ಬೀಡಿಯ ಹೆಂಗಸರೆಲ್ಲ "ಅಣ್ಣಾ" ಎಂದು ಕರೆದು ಅತ್ತರು. ಅಮ್ಮ ಮಾತ್ರ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಅವಳು ಆಣೆ ತಪ್ಪುವವಳಲ್ಲ.