ಗುರುವಾರದ ಮೊಲ

ಮಾಂಟ್ರಿಯಲ್‌ನ ಪಾರ್ಕ್ ಎಕ್ಸ್‌ಟೆನ್ಶನ್‌ನಲ್ಲಿ, ಗ್ರೀಕರ ಬೇಕರಿಗೂ ಪಂಜಾಬಿಗಳ ಬಟ್ಟೆಯಂಗಡಿಗೂ ನಡುವೆ ರೇಜಾನನ ಬಿಸ್ಟ್ರೋ ಇದೆ, ಪುಟ್ಟ ಫ್ರೆಂಚ್ ಹೋಟೆಲು. ಒಂಬತ್ತು ಮೇಜು, ಒಂದು ಹಳೇ ಒಲೆ. ಹೆಸರು ರೇಜಾನನದಾದರೂ ಅಡುಗೆಮನೆ ಮಿರ್ಲಾಂಡ್‌ಳದು. ಹೈಟಿಯಿಂದ ಬಂದ ಹೊಸದರಲ್ಲಿ ಅವಳು ಇಲ್ಲಿ ತಟ್ಟೆ ತೊಳೆಯುತ್ತಿದ್ದಳು. ರೇಜಾನನ ಹೆಂಡತಿ ಕೊಲೆಟ್ ಮರದ ಸೌಟಿನಿಂದ ಬೆರಳಿಗೆ ಬಾರಿಸುತ್ತಾ ಅವಳಿಗೆ ಸಾಸಿವೆ ಮೊಲದಂಥ ಫ್ರೆಂಚ್ ಅಡುಗೆ ಕಲಿಸಿದಳು. "ಕೆನೆ ಹಾಕಿದ್ಮೇಲೆ ಕುದಿಸ್ಬೇಡ ಅಂದ್ನಲ್ಲೇ, ಒಡೆದು ಹೋಗುತ್ತೆ!" ಕೊಲೆಟ್ ತೀರಿಕೊಂಡು ಬಹಳ ವರ್ಷವಾಯಿತು. ಮಿರ್ಲಾಂಡ್‌ಳ ಕೈಯಲ್ಲಿ ಕೆನೆ ಮತ್ತೆಂದೂ ಒಡೆಯಲಿಲ್ಲ.

ರೇಜಾನನ ಮಂಡಿಗಳು ಸೋತವು, ಅಂಗಡಿ ಮಾರುವ ಮಾತು ಬಂತು. ಕೊಳ್ಳಲು ಬಂದವನು ವಿಲ್ನರ್, ಹೈಟಿಯವರ ಮಗನೇ. ನಮ್ಮವನೇ ಬಂದ ಎಂದು ಮಿರ್ಲಾಂಡ್ ಹಿಗ್ಗಿದಳು, ಪಾಪ.

"ಚಿಕ್ಕಮ್ಮಾ, ಇನ್ನು ನೀನು ನಮ್ಮೂರ ಗ್ರಿಯೊ ಮಾಡು," ಎಂದ ವಿಲ್ನರ್. "ಹಂದಿ ಮಾಂಸ ಹುಳಿ ಕಿತ್ತಳೆಯಲ್ಲಿ ನೆನೆಸಿ, ಗರಿಗರಿಯಾಗಿ ಕರಿದು, ಪಕ್ಕಕ್ಕೆ ಬಾಳೆಕಾಯಿ. ಜನ ಮುಗಿಬೀಳ್ತಾರೆ."

"ಮತ್ತೆ ಮೊಲ?"

"ಅದಕ್ಕೆ ಫ್ರೆಂಚರಿದ್ದಾರೆ ಬಿಡು. ನೀನು ಸಾಸಿವೆ ಮೊಲ ಮಾಡ್ತೀಯ ಅಂದ್ರೆ ಯಾರು ನಂಬ್ತಾರೆ?"

ಇಷ್ಟು ವರ್ಷ ತಿಂದವರೆಲ್ಲ ನಂಬಿದ್ದರಲ್ಲ! ಮುಖ ನೋಡಿ ಕೈಗೆ ಬೆಲೆ ಕಟ್ಟುವ ಜನ ಹೊರಗೆ ಬೇಕಾದಷ್ಟಿದ್ದರು. ಈಗ ತಮ್ಮ ನಾಡಿನವನೇ ಹಾಗಂದದ್ದು ಅವಳಿಗೆ ಉರಿ ಹತ್ತಿಸಿತು. ಕರಾರಿಗೆ ರುಜು ಹಾಕುವ ಮೊದಲು ಬರುವ ಗುರುವಾರ ಗ್ರಿಯೊ ಬಡಿಸಿ ನೋಡೋಣ, ನಿನ್ನಿಂದ ಆಗದಿದ್ದರೆ ಬೇರೆ ಅಡುಗೆಯವಳನ್ನು ತರುತ್ತೇನೆ ಎಂದು ವಿಲ್ನರ್ ಖಡಾಖಂಡಿತವಾಗಿ ಹೇಳಿದ. ರೇಜಾನ್ ಮಂಡಿ ನೀವಿಕೊಳ್ಳುತ್ತಾ ಕೂತಿದ್ದ.

ವಿಲ್ನರನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಈ ಬಿಸ್ಟ್ರೋದಲ್ಲಿ ವೈನ್ ಮಾರುವುದಿಲ್ಲ. ಗಿರಾಕಿಗಳೇ ಬಾಟಲಿ ತರಬೇಕು. ಗುರುವಾರವೆಂದರೆ ಮೊಲ, ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ವಾರವೆಲ್ಲ ಯೋಚಿಸಿ, ಮೊಲದ ರುಚಿಗೆ ಹೊಂದುವ ವೈನನ್ನೇ ಆರಿಸಿ ತರುತ್ತಾರೆ. ಗುರುವಾರ ವಿಲ್ನರ್ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ಗ್ರಿಯೊ' ಎಂದು ದಪ್ಪಕ್ಷರದಲ್ಲಿ ಬರೆದು, ಬರಿಗೈಯಲ್ಲಿ ಬಂದು ಮೂಲೆಯ ಮೇಜಿನಲ್ಲಿ ಕೂತ.

ಆ ಸಂಜೆ ಹಿಮ ಕೊಡವಿಕೊಂಡು ಮೊದಲು ಬಂದವನು ಚಪ್ಪಲಿ ಹೊಲಿಯುವ ಗ್ರೀಕ್ ಮುದುಕ ಥನಾಸಿಸ್. ಹಲಗೆ ಓದಿದ, ಕಂಕುಳಲ್ಲಿದ್ದ ಬಾಟಲಿ ನೋಡಿದ.

"ಏನಿದು? ನಾನು ತಂದಿರೋದು ಮೊಲಕ್ಕೆ."

"ಯಾವುದಕ್ಕೆ ತಂದ್ರೇನು ತಾತ, ಕುಡಿದ್ರಾಯ್ತು," ಎಂದ ವಿಲ್ನರ್.

"ಬರೀ ಕುಡಿಯೋಕಾದ್ರೆ ನಮ್ಮನೇಲಿ ನಲ್ಲಿ ಇಲ್ವೇನಯ್ಯ?"

ಮೇಜುಗಳು ತುಂಬಿದವು, ಎಲ್ಲ ಮೇಜಿನ ಮೇಲೂ ಮೊಲಕ್ಕೆಂದೇ ತಂದ ಬಾಟಲಿ. ಮಿರ್ಲಾಂಡ್ ಅಡುಗೆಮನೆಯ ಕಿಂಡಿಯಿಂದ ಅವನ್ನೆಲ್ಲ ನೋಡಿದಳು. ಒಂದು ಪಾತ್ರೆಯಲ್ಲಿ ಗ್ರಿಯೊಗೆಂದು ಹಂದಿ ಮಾಂಸ ನೆನೆದಿತ್ತು. ಮಾಂಸದವನು ಎಂದಿನಂತೆ ಕೊಟ್ಟು ಹೋದ ಮೊಲಗಳೂ ಇದ್ದವು. ಅವಳು ಮೊಲ ತುಂಡರಿಸಿ, ಬೆಣ್ಣೆಯಲ್ಲಿ ಹುರಿದು, ಸಾಸಿವೆ ಸವರಿ ಒಲೆಗಿಟ್ಟಳು.

ವಾಸನೆ ಹಿಡಿದು ವಿಲ್ನರ್ ಒಳಗೆ ನುಗ್ಗಿದ. "ಚಿಕ್ಕಮ್ಮಾ, ಇದು ಹೊರಗೆ ಹೋಯ್ತೋ, ನೀನೂ ಹೋದೆ ಅಂತಲೇ ಲೆಕ್ಕ!"

"ದಾರಿ ಬಿಡು, ಪಾತ್ರೆ ಬಿಸಿ ಇದೆ."

ಮೊಲ ಬೇಯಲು ಹೊತ್ತು ಹಿಡಿಯಿತು. ಯಾರೂ ಏಳಲಿಲ್ಲ, ಬ್ರೆಡ್ ಮುರಿದು ತಿನ್ನುತ್ತಾ ಕಾದರು. ತಟ್ಟೆಗಳೆಲ್ಲ ಮೇಜುಗಳಿಗೆ ಹೋದ ಮೇಲೆ ಮಿರ್ಲಾಂಡ್ ತನಗೊಂದು ಬಡಿಸಿಕೊಂಡಳು. ಇಷ್ಟು ವರ್ಷ ಅವಳು ಒಲೆಯ ಪಕ್ಕ ನಿಂತೇ ಉಂಡವಳು. ಇವತ್ತು ಹೊರಗೆ ಬಂದು, ಕುರ್ಚಿ ಎಳೆದು, ವಿಲ್ನರನ ಎದುರಿಗೇ ಕೂತಳು.

"ರೇಜಾನ್, ಬ್ರೆಡ್ ತಾ."

ರೇಜಾನ್ ಕುಂಟುತ್ತಾ ತಂದಿಟ್ಟ. ಅವಳು ಮಾಂಸ ಬಿಡಿಸಿ, ಅವಸರವಿಲ್ಲದೆ ಅಗಿದಳು. ಚೆನ್ನಾಗಿತ್ತು. ತಾನು ಮಾಡಿದ್ದು ಇಷ್ಟು ಚೆನ್ನಾಗಿರುತ್ತದೆ ಎಂದು ಕೂತು ಉಂಡಾಗಲೇ ಅವಳಿಗೆ ಗೊತ್ತಾದದ್ದು.

"ನಮ್ಮೂರ ಊಟ ಅಂದ್ರೆ ನಾಚಿಕೆನಾ ನಿಂಗೆ?" ವಿಲ್ನರ್ ಹಲ್ಲು ಕಡಿದ.

"ನಾಚಿಕೆ? ಭಾನುವಾರ ಮನೆಗೆ ಬಾ ಮಗಾ, ಗ್ರಿಯೊ ಹಾಕ್ತೀನಿ, ಬೆರಳು ಚೀಪ್ತೀಯ. ಅದು ನಮ್ಮಮ್ಮ ಕೊಟ್ಟಿದ್ದು. ಇದು ನಾನು ಕೈ ಸುಟ್ಕೊಂಡು ಕಲ್ತಿದ್ದು. ಎರಡೂ ನಂದೇ. ಯಾವುದನ್ನ ಎಲ್ಲಿ ಬಡಿಸ್ಬೇಕು ಅಂತ ನೀನು ನಂಗೆ ಹೇಳ್ಬೇಡ."

"ಹಂಗಾದ್ರೆ ನಾಳೆಯಿಂದ ನಿಂಗಿಲ್ಲಿ ಕೆಲಸ ಇಲ್ಲ."

ಮಿರ್ಲಾಂಡ್ ತಟ್ಟೆಯಲ್ಲಿ ಉಳಿದದ್ದನ್ನು ಬ್ರೆಡ್ಡಿನಿಂದ ಬಳಿದು ಬಾಯಿಗೆ ಹಾಕಿಕೊಂಡಳು. ವಿಲ್ನರನ ಕಡೆ ನೋಡದೆ ರೇಜಾನ್ ಕೂತಿದ್ದ ಗಲ್ಲಾದ ಕಡೆ ತಿರುಗಿದಳು.

"ರೇಜಾನ್, ನಾಳೆ ಶುಕ್ರವಾರ. ಮೀನಿನವನಿಗೆ ಎಷ್ಟು ಹೇಳ್ಲಿ?"

ರೇಜಾನ್ ವಿಲ್ನರನನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಯಾವಾಗ್ಲೂ ಹೇಳೋಷ್ಟೇ ಹೇಳು," ಎಂದ.