ಮರುಕೂಗು

ಫಾರೆಸ್ಟ್ ಗಾರ್ಡು ಅಶ್ವತ್ಥಪ್ಪನಿಗೆ ಹೆಣ್ಣುದನಿ ಬರುತ್ತಿತ್ತು. ಗಿರಿಜಾಮೀಸೆಯ ಆ ಆಳು ಬಾಯಿಗೆ ಕೈ ಅಡ್ಡ ಹಿಡಿದು ‘ಕೂ’ ಎಂದರೆ, ನಮ್ಮ ಜೊತೆಯವಳೇ ಎಂದು ಹುಲ್ಲಿಗೆ ಹೋದ ಹೆಂಗಸರು ನಾವೇ ಮೋಸಹೋಗುತ್ತಿದ್ದೆವು. ಅವನನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಮಂಡಿಕಲ್ಲಿನಾಚೆ ನಮ್ಮ ಬೆಟ್ಟ. ಮೂರು ಕಡೆ ಕಾಡು: ಕೆಳಗೆ ಲಂಟಾನ, ನಡುವೆ ಜಾಲಾರಿ ಮರ, ಮೇಲೆ ಬಿದಿರು. ಇನ್ನೊಂದು ಕಡೆ ಬರೀ ಬಂಡೆ, ಗೋಡೆಯಂತೆ ನೆಟ್ಟಗೆ ಇಳಿದುಬಿಡುತ್ತದೆ. ನೆತ್ತಿಯಲ್ಲಿ ನೀರಿನ ದೊಣೆ, ಅದರ ಸುತ್ತ ಆಳೆತ್ತರದ ಬೋದೆಹುಲ್ಲು. ನಾನು ಮದುವೆಯಾಗಿ ಬಂದಾಗ ಊರಿಗಿನ್ನೂ ಕರೆಂಟು ಬಂದಿರಲಿಲ್ಲ, ಮನೆಗಳಿಗೆಲ್ಲ ಆ ಹುಲ್ಲಿನದೇ ಸೂರು. ಕಾರ್ತಿಕದಲ್ಲಿ ನೆತ್ತಿಗೆ ಮಂಜು ಕವಿದರೆ ಹಿಡಿದ ಕುಡುಗೋಲೇ ಕಾಣುತ್ತಿರಲಿಲ್ಲ. ಆಗ ನಿಂತಲ್ಲೇ ನಿಂತು ಕೂಗಬೇಕು. ದಾರಿಯಲ್ಲಿರುವವಳು ಮರುಕೂಗು ಕೊಡುತ್ತಾಳೆ, ಆ ದನಿ ಹಿಡಿದು ನಡೆಯಬೇಕು. ಅದರಲ್ಲಿ ಮಾತ್ರ ಎಂಥ ಜಗಳಗಂಟಿಯೂ ಮೋಸ ಮಾಡುತ್ತಿರಲಿಲ್ಲ.

ಅಶ್ವತ್ಥಪ್ಪ ಅದನ್ನೇ ಕಲಿತ. ಹುಲ್ಲು ಕೊಯ್ಯಬಾರದೆಂಬ ಕಟ್ಟಳೆ ಇತ್ತು, ಸರಿ. ದನಿ ಹಿಡಿದು ಹೋದರೆ ಅವನು ನಿಂತಿರುತ್ತಿದ್ದ. “ರಾಮ್ಮಾ ರಾ, ನಿಂಗೇ ಕಾಯ್ತಿದ್ದೆ” ಎಂದು ತೆಲುಗು ಬೆರೆಸಿ ನಗುತ್ತಿದ್ದ. ಕುಡುಗೋಲು ಕಿತ್ತು ಬಂಡೆಯ ಕಡೆ ಎಸೆದು, ಅದು ಬೀಳುವ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದ.

ನನ್ನ ನಾದಿನಿ ನಂಜಮ್ಮ ತುಂಬಿದ ಬಸುರಿ. ಅವಳು ಹೊರೆಸಮೇತ ಬೆಟ್ಟದ ಬುಡದಲ್ಲಿ ಸಿಕ್ಕಿಬಿದ್ದಾಗ, “ಎಲ್ಲಿ ಕೊಯ್ದ್ಯೋ ಅಲ್ಲೇ ಹೊತ್ಕೊಂಡೋಗಿ ಹಾಕು” ಎಂದ. ಹೊರೆ ತಾನು ಹೊರುತ್ತೇನೆಂದು ಅವಳ ತಾಯಿ, ನನ್ನ ಅತ್ತೆ, ಅವನ ಕಾಲು ಹಿಡಿದರು. ಕೇಳಲಿಲ್ಲ. ನಂಜಮ್ಮ ಮತ್ತೆ ನೆತ್ತಿ ಹತ್ತಿದಳು. ಮಗು ಸತ್ತೇ ಹುಟ್ಟಿತು, ಅದರ ಹಿಂದೆಯೇ ಅವಳೂ ಹೋದಳು.

ಮರುವರ್ಷ ಅದೇ ಕಾರ್ತಿಕ. ನಾನೂ ಅತ್ತೆಯೂ ಬಂಡೆಯ ಬುಡದಲ್ಲಿ ಸೌದೆ ಆಯುತ್ತಿದ್ದೆವು. ನಮ್ಮ ತಲೆಯ ಮೇಲೆ ಬೆಟ್ಟವೇ ಇರಲಿಲ್ಲ, ಬರೀ ಮಂಜು. ಅದರೊಳಗಿಂದ ಕೂಗು ಬಂತು. ಈ ಸಲ ಹೆಣ್ಣುದನಿಯಲ್ಲ, ಅವನದೇ ಒಡಕು ಗಂಟಲು.

“ಯಾರಿದ್ದೀರಮ್ಮಾ? ದಾರಿ ತಪ್ಪೋಯ್ತು. ಒಂದು ಕೂಗು ಕೊಡ್ರಮ್ಮಾ.”

ಅತ್ತೆ ಸೌದೆ ಕೆಳಗಿಟ್ಟು ಎದ್ದು ನಿಂತರು.

“ಅತ್ತೆ, ನಾವಿರೋದು ಬಂಡೆ ಕಡೆ” ಎಂದೆ.

“ಗೊತ್ತು ಕಣೇ.”

ಬಾಯಿಗೆ ಕೈ ಅಡ್ಡ ಹಿಡಿದು, ನಂಜಮ್ಮನನ್ನು ಕರೆಯುತ್ತಿದ್ದಷ್ಟೇ ಅಕ್ಕರೆಯಿಂದ ‘ಕೂ’ ಎಂದರು. ಮೇಲಿಂದ ಅವನು ಓಗೊಟ್ಟ, ದನಿ ಹತ್ತಿರವಾಗಿತ್ತು. ಅತ್ತೆ ಇನ್ನೊಮ್ಮೆ ಕೂಗಿದರು. ಆಮೇಲೆ ಕಿವಿಗೊಟ್ಟು ನಿಂತರು.

ಬಿದ್ದ ಸದ್ದು ಅಡಗಿದ ಮೇಲೆ ಸೌದೆ ಹೊರೆ ಎತ್ತಿ ನನ್ನ ತಲೆಗಿಟ್ಟರು. ಅತ್ತೆ ಬದುಕಿರುವವರೆಗೂ ನಾವು ಒಟ್ಟಿಗೇ ಬೆಟ್ಟಕ್ಕೆ ಹೋದೆವು. ಆದರೆ ಮಂಜು ಕವಿದಾಗ ಅವರ ಕೂಗು ಹಿಡಿದು ನಾನು ಒಂದು ಹೆಜ್ಜೆಯನ್ನೂ ಇಟ್ಟವಳಲ್ಲ.